ರೊಟ್ಟಿ ತಟ್ಟುವಾಗ ಬಳೆಯ ಸದ್ದು ಬೇರೆ ಇತ್ತು: ದಾವಣಗೆರೆಯ ಒಂದು ಮನೆಯ ಸಾಲದ ಪ್ರಕರಣ

ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ವಾರಕ್ಕೆ ಎರಡು ಸಂಜೆ ದಾವಣಗೆರೆಯ ಒಂದು ಚಿಕ್ಕ ಕೋಣೆಯಲ್ಲಿ ಕೂತು, ಸಾಲದಲ್ಲಿ ಸಿಕ್ಕಿಕೊಂಡವರ ಜೊತೆ ಲೆಕ್ಕ ನೋಡುತ್ತೇನೆ. ಫೀಸು ಇಲ್ಲ, ಬೋರ್ಡೂ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿ ಜನ ಬರುತ್ತಾರೆ.

ಇಲ್ಲಿ ಬರೆದಿರುವುದು ಒಂದು ಮನೆಯ ವಿಷಯ. ಯಾರ ಹೆಸರೂ ಹಾಕಿಲ್ಲ. ವ್ಯಾಪಾರ, ಬಡಾವಣೆ, ವಯಸ್ಸು ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಮೊತ್ತಗಳನ್ನು ಮಾತ್ರ ಮುಟ್ಟಿಲ್ಲ. ಪ್ರಕಟಿಸುವ ಮುಂಚೆ ಮನೆಯವರೆಲ್ಲರಿಗೂ ಓದಿ ಹೇಳಿದ್ದೇನೆ.

ಮನೆ

ಗಂಡನಿಗೆ ನಲವತ್ತು ದಾಟಿದೆ. ಊರಲ್ಲಿ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಆರನೇ ಕ್ಲಾಸಿನ ಮಗಳು. ಗಂಡನ ತಾಯಿ ಜೊತೆಯಲ್ಲೇ ಇದ್ದಾರೆ. ಮನೆ ಸ್ವಂತದ್ದು, ತೀರಿಹೋದ ಮಾವ, ಅಂದರೆ ಗಂಡನ ತಂದೆ, ಕೊಂಡ ಸೈಟಿನಲ್ಲಿ ಕಟ್ಟಿದ್ದು.

ಆ ಮಾವ ಮಿಲ್ಲಿನಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆ ನೆನಪಿದೆ. ಶಿಫ್ಟಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಇವರ ಮಿಲ್ಲು ನಿಂತಾಗ ಈ ಗಂಡ ಐದನೇ ಕ್ಲಾಸಿನ ಹುಡುಗ. ಈ ಮಾತು ಮುಂದೆ ಬೇಕಾಗುತ್ತದೆ.

ಮೊದಲು ನನ್ನ ಹತ್ತಿರ ಬಂದವರು ಹೆಂಡತಿ. 2023ರ ನವೆಂಬರ್, ದೀಪಾವಳಿ ಮುಗಿದ ವಾರ. ಕೂತವರೇ ಕೇಳಿದರು: "ಸರ್, ಮನೆ ಪತ್ರ ಅಡ ಇಟ್ಟಿದ್ದಾರಾ ಅಂತ ಹೆಂಗೆ ಗೊತ್ತು ಮಾಡ್ಕೊಳ್ಳೋದು?" ಗಂಡ ಎಲ್ಲೋ ದೊಡ್ಡ ಸಾಲ ಮಾಡಿದ್ದಾರೆ ಅನ್ನುವುದು ಅವರಿಗೆ ಖಾತ್ರಿ. ಎಷ್ಟು ಅಂತ ಗೊತ್ತಿಲ್ಲ. ಪ್ರತಿ ತಿಂಗಳು ಎಲ್ಲರೂ ಮಲಗಿದ ಮೇಲೆ ಟ್ರಂಕ್ ತೆಗೆದು, ಪತ್ರದ ನೀಲಿ ಫೈಲು ಇದ್ದಲ್ಲೇ ಇದೆಯಾ ಎಂದು ನೋಡುತ್ತಿದ್ದರಂತೆ. ಹದಿನಾಲ್ಕು ತಿಂಗಳಿಂದ ಹೀಗೆ ನಡೆದಿತ್ತು. ಗಂಡನನ್ನು ಒಂದು ಸಲವೂ ಕೇಳಿರಲಿಲ್ಲ.

"ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಅವರೂ ನನ್ನ ಕೇಳ್ತಾರಲ್ಲ ಸರ್."

ಕೇಳಿದರೆ ಹೇಳಬೇಕಾದದ್ದು ಅವರಲ್ಲೂ ಇತ್ತು. ಸಂಬಳ 11,000 ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ನಿಜವಾಗಿ ಬರುತ್ತಿದ್ದದ್ದು 18,000. ತಿಂಗಳಿಗೆ 2,000 ಪೋಸ್ಟ್ ಆಫೀಸಿನ ಆರ್‌ಡಿಗೆ ಹೋಗುತ್ತಿತ್ತು, ಪಾಸ್‌ಬುಕ್ ತವರಿನಲ್ಲಿತ್ತು. ಜೊತೆಗೆ ಸಹೋದ್ಯೋಗಿಗಳು ಸೇರಿ ಹಾಕಿಕೊಂಡ ಇಪ್ಪತ್ತು ಜನರ ಒಂದು ಲಕ್ಷದ ಚೀಟಿ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಮಂಡಕ್ಕಿ ತುಂಬಿದ ಡಬ್ಬಿಯ ತಳದಲ್ಲಿ 38,000 ನಗದು. ಎಲ್ಲ ಸೇರಿಸಿದರೆ 1,93,000 ಆಯಿತು.

ಗಂಡನ ಕಡೆಯ ಲೆಕ್ಕ

ವಾರ ಬಿಟ್ಟು ಗಂಡ ಬಂದರು. ನಾನೇ ಫೋನ್ ಮಾಡಿ ಕರೆದಿದ್ದೆ. ಮೊದಲ ಅರ್ಧ ಗಂಟೆ ಸುಮ್ನೆ ಮೆಕ್ಕೆಜೋಳದ ರೇಟು, ಭದ್ರಾ ನಾಲೆಯ ನೀರು, ಹಳ್ಳಿಯವರ ಕೈಲಿ ದುಡ್ಡಿಲ್ಲದಿದ್ದರೆ ಪೇಟೆಯಲ್ಲಿ ವ್ಯಾಪಾರ ಹೇಗೆ ಕೂರುತ್ತದೆ ಅನ್ನುವ ಮಾತು. ಆಮೇಲೆ ಜೇಬಿನಿಂದ ಒಂದೊಂದೇ ಕಾಗದ ಹೊರಬಂತು.

ಬ್ಯಾಂಕಿನ ಅಂಗಡಿ ಸಾಲ 3,20,000. ಇದೊಂದು ಹೆಂಡತಿಗೆ ಗೊತ್ತಿತ್ತು. ತಾಯಿಯ ನಾಲ್ಕು ಬಳೆ ಅಡವಿಟ್ಟು ತಂದ ಚಿನ್ನದ ಸಾಲ 1,40,000. ಫೈನಾನ್ಸಿನ ವೈಯಕ್ತಿಕ ಸಾಲ 1,10,000. ಕ್ರೆಡಿಟ್ ಕಾರ್ಡಿನಲ್ಲಿ 68,000. ಪರಿಚಯದ ವ್ಯಾಪಾರಿಯೊಬ್ಬರಿಂದ 2,00,000 ಕೈಗಡ, ಮೂರು ರೂಪಾಯಿ ಬಡ್ಡಿಗೆ. ಒಟ್ಟು 8,38,000.

ಈ "ಮೂರು ರೂಪಾಯಿ" ಅನ್ನುವ ಮಾತಿನ ಬಗ್ಗೆ ನನಗೆ ತಕರಾರಿದೆ. ಕೇಳೋಕೆ ಎಷ್ಟು ಚಿಕ್ಕದು ನೋಡಿ, ಒಂದು ಟೀ ಕೂಡ ಬರಲ್ಲ. ಆದರೆ ಅದು ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ತಿಂಗಳಿಗೆ 6,000ದಂತೆ ಇವರು ಇಪ್ಪತ್ತು ತಿಂಗಳು ಬಡ್ಡಿ ಕಟ್ಟಿದ್ದರು. 1,20,000 ಹೋಗಿತ್ತು. ಅಸಲು ಎರಡು ಲಕ್ಷದಲ್ಲೇ ನಿಂತಿತ್ತು. ನಮ್ಮಲ್ಲಿ ವಿಪರೀತ ಬಡ್ಡಿ ನಿಷೇಧಿಸಿ 2004ರಲ್ಲೇ ಕಾಯ್ದೆ ಬಂದಿದೆ ಅಂತ ಹೇಳಿದೆ. "ಆ ಟೈಮಲ್ಲಿ ಕೊಟ್ಟಿದ್ದು ಅವರೊಬ್ರೇ ಸರ್, ಅವರ ಮೇಲೆ ಹೆಂಗೆ ಕಂಪ್ಲೇಂಟ್ ಕೊಡಲಿ?" ಅಂದರು. ಆ ಮಾತನ್ನು ನಾನು ಮುಂದುವರಿಸಲಿಲ್ಲ.

ಸಾಲ ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಬೆಳೆದದ್ದು 2022ರಲ್ಲಿ ತಂಗಿಯ ಮದುವೆಯಲ್ಲಿ. ಮದುವೆಯ ಖರ್ಚು ಕಡಿಮೆ ಮಾಡಬಹುದಿತ್ತಾ ಎಂದು ಕೇಳಿದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ, ನಕ್ಕರು.

ರಾತ್ರಿ ನಿದ್ದೆ ಇರಲಿಲ್ಲ ಅಂದರು. ಅಂಗಡಿ ಹಾಕಿದ ಮೇಲೆ ಮನೆಗೆ ಹೋಗದೆ ಕುಂದುವಾಡ ಕೆರೆ ಏರಿಯ ಮೇಲೆ ಒಬ್ಬರೇ ಕೂರುತ್ತಿದ್ದರಂತೆ. ಇಂಥ ಮಾತು ಬಂದಾಗ ನಾನು ಸುತ್ತಿ ಬಳಸಿ ಹೋಗುವುದಿಲ್ಲ. "ಸಾಯೋ ಯೋಚನೆ ಬಂದಿದೆಯಾ?" ಅಂತ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಒಂದೆರಡು ಸಲ" ಅಂದರು. ಆ ದಿನ ಲೆಕ್ಕದ ಕಾಗದ ಮುಚ್ಚಿಟ್ಟೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಅಲ್ಲೇ ಫೋನ್ ಮಾಡಿಸಿದೆ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ನಲವತ್ತು ನಿಮಿಷ ಮಾತಾಡಿದರು. ಮಾರನೇ ವಾರ ಒಬ್ಬ ಡಾಕ್ಟರನ್ನೂ ಕಂಡರು.

ನಾನು ಮಾಡಿದ ತಪ್ಪು

ಈಗ ಎರಡೂ ಕಡೆಯ ಗುಟ್ಟು ನನ್ನ ಹತ್ತಿರ ಇತ್ತು. ಬ್ಯಾಂಕಿನವನ ತಲೆ ನೋಡಿ, ತಕ್ಷಣ ಕೂಡಿಸಿ ಕಳೆಯಿತು. ಹೆಂಡತಿಯ ಹತ್ತಿರ ಎರಡು ಲಕ್ಷದ ಹತ್ತಿರ ಇದೆ. ಗಂಡನಿಗೆ ಮೂರು ರೂಪಾಯಿ ಬಡ್ಡಿಯ ಎರಡು ಲಕ್ಷ ಸಾಲ ಇದೆ. ಒಂದೇ ಮನೆಯಿಂದ ತಿಂಗಳಿಗೆ ಆರು ಸಾವಿರ ಹೊರಗೆ ಹೋಗುತ್ತಿದೆ, ಅದೇ ಮನೆಯ ಇನ್ನೊಂದು ಮೂಲೆಯ ಉಳಿತಾಯಕ್ಕೆ ಸಾವಿರ ರೂಪಾಯಿಯೂ ಬಡ್ಡಿ ಬರುತ್ತಿಲ್ಲ. ಇದನ್ನು ಅದಕ್ಕೆ ಹಾಕಿದರೆ ಅರ್ಧ ತಲೆನೋವು ಹೋಯಿತು, ಅಲ್ವಾ?

ಡಿಸೆಂಬರ್ ಮೊದಲ ವಾರ ಇಬ್ಬರನ್ನೂ ಕೂರಿಸಿಕೊಂಡೆ. ಕುಶಲ ಕೇಳಿ ಐದು ನಿಮಿಷ ಆಗಿರಲಿಲ್ಲ. ಗಂಡನ ಕಡೆ ತಿರುಗಿ ಅಂದೆ: "ಗಾಬರಿ ಬೇಡ. ನಿಮ್ಮ ಮನೆಯವರ ಹತ್ತಿರಾನೇ ಎರಡು ಲಕ್ಷದಷ್ಟು ಇದೆ."

ಗಂಡ ಹೆಂಡತಿಯ ಮುಖ ನೋಡಿದರು. ಹೆಂಡತಿ ನನ್ನ ಮುಖ ನೋಡಿದರು. ಆಮೇಲೆ ಬ್ಯಾಗಿನ ಜಿಪ್ ಎಳೆದುಕೊಂಡು ಎದ್ದು ಹೋದರು. ನಮ್ಮಲ್ಲಿ ಯಾರೂ "ಹೋಗ್ತೀನಿ" ಅನ್ನಲ್ಲ, "ಬರ್ತೀನಿ" ಅಂತೀವಿ. ಅವರು ಯಾವುದನ್ನೂ ಹೇಳಲಿಲ್ಲ.

ಆರು ವಾರ ಬರಲಿಲ್ಲ. ಫೋನ್ ಎತ್ತಲಿಲ್ಲ. ಗಂಡನ ಜೊತೆ ಮಾತು ಬಿಟ್ಟಿದ್ದರು. ಒಂದು ವಾರ ತವರಿನಲ್ಲಿದ್ದರು. ಗಂಡನಿಗೆ ಸಿಟ್ಟು ಬಂದಿತ್ತು: ನಾನಿಲ್ಲಿ ಸಾಯ್ತಾ ಇದ್ದರೆ ಇವಳು ದುಡ್ಡು ಬಚ್ಚಿಟ್ಟಿದ್ದಳು ಅಂತ. ನನ್ನ ಒಂದು ವಾಕ್ಯದಿಂದ ಸಾಲ ಮಾಡಿದವನು ಪಾಪದವನಾಗಿ, ಕೂಡಿಟ್ಟವಳು ಕಳ್ಳಿಯಾಗಿಬಿಟ್ಟಿದ್ದಳು.

ಅವರ ದುಡ್ಡಿನ ವಿಷಯ ಹೇಳುವ ಹಕ್ಕು ಅವರದಾಗಿತ್ತು, ನನ್ನದಲ್ಲ. ಇದು ಬ್ಯಾಂಕಿನಲ್ಲಿ ಕಲಿಯುವ ಮೊದಲ ಪಾಠ, ಗಿರಾಕಿಯ ಬ್ಯಾಲೆನ್ಸು ಇನ್ನೊಬ್ಬರಿಗೆ ಹೇಳಬಾರದು. ಕೌಂಟರಿನ ಆಚೆ ಮೂರು ದಶಕ ಪಾಲಿಸಿದ್ದನ್ನು ಈಚೆ ಬಂದ ಕೂಡಲೇ ಮರೆತಿದ್ದೆ. ಗಂಡ ಹೆಂಡತಿ ಒಂದೇ ಅಲ್ವಾ ಅನ್ನುವ ಸಲಿಗೆ ನನ್ನ ಬಾಯಿ ತೆಗೆಸಿತ್ತು. ಕಾಗದದಲ್ಲಿ ಬರೆದು ಕ್ಷಮೆ ಕೇಳಿದೆ. ಉತ್ತರ ಬರಲಿಲ್ಲ.

ಅತ್ತೆ ಬಂದ ದಿನ

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಮೂವರೂ ಬಂದರು. ಅತ್ತೆಯನ್ನು ನಾನು ಕರೆದಿರಲಿಲ್ಲ. "ಮನೇಲಿ ಯಾರೂ ಮಾತಾಡಲ್ಲ, ಟಿವಿ ಒಂದೇ ಮಾತಾಡೋದು. ನಾನೇ ಎಳಕೊಂಡು ಬಂದೆ" ಅಂದರು.

ಈ ಸಲ ಕ್ಯಾಲ್ಕ್ಯುಲೇಟರ್ ಡ್ರಾಯರಿನಲ್ಲೇ ಇತ್ತು. ಮೊದಲು ಸೊಸೆಯ ಕ್ಷಮೆ ಕೇಳಿದೆ. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ನೀವು ಚಿಕ್ಕವರಿದ್ದಾಗ ಮನೆಯಲ್ಲಿ ದುಡ್ಡಿನ ಮಾತು ಹೇಗೆ ಬರುತ್ತಿತ್ತು?

ಗಂಡ ತಮಾಷೆಯಾಗಿ ಶುರು ಮಾಡಿದರು. ಮಿಲ್ಲು ನಿಂತ ಮೇಲೆ ದಿನಸಿ ಅಂಗಡಿಯವರು, ಚೀಟಿಯವರು ಬಾಗಿಲಿಗೆ ಬರುತ್ತಿದ್ದರಂತೆ. ಅಪ್ಪ ಒಳಗೆ ಮಂಚದ ಮೇಲೆ ಉಸಿರು ಬಿಗಿಹಿಡಿದು ಕೂರೋರು. ಹುಡುಗ ಹೊರಗೆ ಬಂದು "ಅಪ್ಪ ಮನೇಲಿಲ್ಲ" ಅನ್ನಬೇಕು. ಒಂದು ದಿನ ಗಾಬರಿಯಲ್ಲಿ "ಅಪ್ಪ ಮನೇಲಿಲ್ಲ ಅಂತ ಅಪ್ಪ ಹೇಳಿದ್ರು" ಅಂದುಬಿಟ್ಟನಂತೆ. ಇಷ್ಟು ಹೇಳಿ ಜೋರಾಗಿ ನಕ್ಕರು. ನಾನೂ ನಕ್ಕೆ.

ಹೆಂಡತಿ ನಗಲಿಲ್ಲ. "ಈಗ ಅದನ್ನೇ ನಾನು ಮಗಳಿಗೆ ಕಲಿಸಿದ್ದೀನಿ" ಅಂದರು. ಕಾರ್ಡಿನವರ ಫೋನು ಮನೆಗೆ ಬರುತ್ತಿತ್ತು. ಗಂಡ ಫೋನ್ ಕಟ್ ಮಾಡುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಹೊಸ ನಂಬರ್ ಬಂದರೆ ಎತ್ತಿ "ಅಪ್ಪ ಅಂಗಡೀಲಿದ್ದಾರೆ, ಫೋನ್ ಇಲ್ಲೇ ಬಿಟ್ಟೋಗಿದ್ದಾರೆ" ಅನ್ನು ಅಂತ ಮಗಳಿಗೆ ಹೇಳಿಕೊಟ್ಟಿದ್ದರು. ಗಂಡನಿಗೆ ಇದು ಗೊತ್ತಿರಲಿಲ್ಲ. ಅವರು ಕೂತಿದ್ದ ಕುರ್ಚಿಯ ಕೈ ಉಜ್ಜುತ್ತಾ ನೆಲ ನೋಡುತ್ತಿದ್ದರು.

ಆಮೇಲೆ ಹೆಂಡತಿಯ ಸರದಿ. ಪಿಯುಸಿ ಓದುವಾಗ ಅಪ್ಪ ತೀರಿಕೊಂಡರು. ಚನ್ನಗಿರಿ ಕಡೆಯ ಹಳ್ಳಿ. ಹೆಣವನ್ನು ಆಸ್ಪತ್ರೆಯಿಂದ ತಂದ ಗಾಡಿಯ ಬಾಡಿಗೆ ಕೊಡೋಕೆ ಅವ್ವನ ಕೈಯಲ್ಲಿ ಒಂದು ರೂಪಾಯಿ ಇರಲಿಲ್ಲ. ಅಂಗಳದಲ್ಲಿ ಎಲ್ಲರ ಮುಂದೆ ಮೈದುನನ ಹತ್ತಿರ ಕೇಳಿದಳು. ಅವನು ಕೊಟ್ಟ. ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ಅವನು ಹೇಳಿದ್ದೇ ಮಾತು. "ಸರ್, ಆ ಡಬ್ಬೀಲಿರೋದು ನಿಮಗೆ ಉಳಿತಾಯ. ನನಗೆ ಅದು ಗಾಡಿ ಬಾಡಿಗೆ" ಅಂದರು.

ನಾನು ಡಿಸೆಂಬರಿನಲ್ಲಿ ಮಾಡಿದ ಲೆಕ್ಕ ಎಷ್ಟು ಸರಿಯಾಗಿತ್ತು, ಎಷ್ಟು ದಡ್ಡತನದ್ದಾಗಿತ್ತು ಅನ್ನುವುದು ಆಗ ಗೊತ್ತಾಯಿತು.

ಅತ್ತೆ ಅಷ್ಟು ಹೊತ್ತು ಸೆರಗಿನ ಒಳಗೆ ಕೈ ಇಟ್ಟುಕೊಂಡಿದ್ದರು. ಈಗ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟರು. "ಇವು ಒಂದು ಗ್ರಾಂ ಗೋಲ್ಡಿನವು ಕಣಮ್ಮ. ಅಸಲಿ ಬಳೆ ತಂಗಿ ಮದುವೇಲಿ ನಿನ್ ಗಂಡಂಗೆ ಕೊಟ್ಟೆ. ನಿಂಗೆ ಹೇಳಬಾರದು ಅಂದಿದ್ದ."

"ಗೊತ್ತಿತ್ತು ಅತ್ತೆ. ರೊಟ್ಟಿ ತಟ್ಟುವಾಗ ಸದ್ದು ಬೇರೆ ಇತ್ತು."

ಒಂದೂವರೆ ವರ್ಷದಿಂದ ದಿನಾ ಒಂದೇ ಒಲೆಯ ಮುಂದೆ ಇಬ್ಬರೂ. ಅತ್ತೆ ರೊಟ್ಟಿ ತಟ್ಟುತ್ತಾರೆ, ಸೊಸೆ ಬೇಯಿಸುತ್ತಾಳೆ. ಅಸಲಿ ಬಳೆ ಕಲ್ಲಿಗೆ ತಾಗಿದರೆ ದಪ್ಪಗೆ ಕೇಳುತ್ತಿತ್ತಂತೆ. ಇದು ಚಿಲ್ಲರೆ ಕಾಸಿನ ಹಾಗೆ. ಒಬ್ಬರು ಮುಚ್ಚಿಟ್ಟಿದ್ದರು, ಇನ್ನೊಬ್ಬರು ಕೇಳಿಸಿಕೊಂಡು ಸುಮ್ಮನಿದ್ದರು.

ಆಗ ಮೂವರಿಗೂ ಒಂದೊಂದು ಕಾಗದದ ಚೂರು ಕೊಟ್ಟೆ. ಒಟ್ಟು ಸಾಲ ಎಷ್ಟಿದೆ ಅಂತ ನಿಮಗೆ ಅನಿಸುತ್ತದೆಯೋ ಬರೆಯಿರಿ, ಒಬ್ಬರದು ಒಬ್ಬರು ನೋಡಬೇಡಿ ಅಂದೆ. ಹೆಂಡತಿ 22 ಲಕ್ಷ ಬರೆದಿದ್ದರು. ಅತ್ತೆ 15 ಲಕ್ಷ. ಸಾಲ ಮಾಡಿದವರೇ ನನ್ನ ಜೊತೆ ಕೂತು ಒಮ್ಮೆ ಕೂಡಿಸಿದ್ದರೂ "ಹತ್ತರ ಮೇಲಿರಬೇಕು" ಎಂದು ಬರೆದಿದ್ದರು. ಅವರ ಅನುಮತಿ ಕೇಳಿ, ನಾನು ಅಸಲಿ ಹಾಳೆ ಬಿಚ್ಚಿಟ್ಟೆ. 8,38,000.

ಹೆಂಡತಿ ಎರಡು ಸಲ ಓದಿದರು. "ಇಷ್ಟೇನಾ?" ಅಂದರು. ಆಮೇಲೆ ಅತ್ತುಬಿಟ್ಟರು.

ಭಾನುವಾರದ ತಿಂಡಿ

ಮುಂದಿನದು ಅವರೇ ತೀರ್ಮಾನ ಮಾಡಿದ್ದು. ವಾರಕ್ಕೊಮ್ಮೆ ಮನೆಯಲ್ಲಿ ಕೂತು ದುಡ್ಡಿನ ಮಾತಾಡಬೇಕು. ಶುಕ್ರವಾರ ಬೇಡ, ದೀಪ ಹಚ್ಚಿದ ಮೇಲೂ ಬೇಡ ಎಂದು ಅತ್ತೆ ಪಟ್ಟು ಹಿಡಿದರು. ಲಕ್ಷ್ಮಿ ಬರೋ ಹೊತ್ತಲ್ಲಿ ಸಾಲದ ಹೆಸರು ಎತ್ತಬಾರದು. ಮೊದಲಿಗೆ ನನಗೆ ನಗು ಬಂತು. ಆಮೇಲೆ ಸರಿ ಅನಿಸಿತು. ರಾತ್ರಿ ಹೊತ್ತು ದಣಿದವರು ದುಡ್ಡಿನ ಮಾತಾಡಿದರೆ ಜಗಳವೇ. ಕೊನೆಗೆ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತು ಎಂದಾಯಿತು. ಅರ್ಧ ಗಂಟೆ ಮಾತ್ರ. ಮಗಳೂ ಕೂರಬಹುದು.

ಡಬ್ಬಿಯ ದುಡ್ಡು, ಆರ್‌ಡಿ ಎರಡನ್ನೂ ಮುಟ್ಟುವುದಿಲ್ಲ ಎಂದು ಹೆಂಡತಿ ಹೇಳಿದರು. ನಾನು ತುಟಿ ಬಿಚ್ಚಲಿಲ್ಲ. ಎರಡು ವಾರ ಬಿಟ್ಟು ತಾವಾಗಿಯೇ ಇನ್ನೊಂದು ಮಾತು ತಂದರು. ಫೆಬ್ರವರಿಯಲ್ಲಿ ಚೀಟಿ ಎತ್ತುತ್ತೇನೆ, ಬಂದದ್ದನ್ನು ಗಂಡನಿಗೆ ಕೊಡುತ್ತೇನೆ, ಆದರೆ ಸಾಲವಾಗಿ. ಐವತ್ತು ಪೈಸೆ ಬಡ್ಡಿ. ಕಾಗದ ಬೇಕು, ಅತ್ತೆ ಸಾಕ್ಷಿ ಹಾಕಬೇಕು.

ಗಂಡ ಮೊದಲು ಮುಖ ಸಿಂಡರಿಸಿದರು. ಹೆಂಡತಿಗೆ ಯಾರಾದರೂ ಬಡ್ಡಿ ಕೊಡುತ್ತಾರಾ? ಹೊರಗಿನವರಿಗೆ ಮೂರು ರೂಪಾಯಿ ಕೊಡೋಕೆ ನಾಚಿಕೆ ಆಗಲಿಲ್ಲವಲ್ಲ ಎಂದು ಅವರ ತಾಯಿಯೇ ಕೇಳಿದರು. ನಾನು ಸೇರಿಸಿದ್ದು ಇಷ್ಟೇ: ಹೆಂಡತಿಯ ಗಳಿಕೆ ಅವರದೇ. ಆಮೇಲೆ ಸ್ತ್ರೀಧನದ ವಿಷಯದಲ್ಲೂ, ಕಷ್ಟಕಾಲಕ್ಕೆ ಗಂಡ ಬಳಸಿಕೊಂಡರೂ ಹಿಂದಿರುಗಿಸುವುದು ಅವನ ನೈತಿಕ ಹೊಣೆ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿತು. ಆ ಸುದ್ದಿ ಬಂದ ಪೇಪರನ್ನು ಹೆಂಡತಿ ಕತ್ತರಿಸಿ ಕಾಗದದ ಜೊತೆ ಇಟ್ಟಿದ್ದಾರೆ.

ಒಂಬತ್ತು ಸಾವಿರ ಬಿಟ್ಟು ಚೀಟಿ ಎತ್ತಿದರು. 91,000 ಬಂತು. ಸಾವಿರ ಡಬ್ಬಿಗೆ, ತೊಂಬತ್ತು ಗಂಡನ ಕೈಗೆ. ಅದನ್ನು ತೆಗೆದುಕೊಂಡು ಗಂಡ ಹೆಂಡತಿ ಇಬ್ಬರೂ ಕೈಗಡ ಕೊಟ್ಟವರ ಮನೆಗೆ ಹೋದರು. ಇಬ್ಬರೂ ಹೋದದ್ದೇ ಮುಖ್ಯ ಎಂದು ನನಗನಿಸುತ್ತದೆ. ಮನೆಗೆ ಗೊತ್ತಿಲ್ಲದೆ ಸಾಲ ಮಾಡಿದವನಿಗೆ ಚೌಕಾಸಿ ಮಾಡುವ ಬಲವೇ ಇರುವುದಿಲ್ಲ, ಕೊಟ್ಟವನು ಮನೆಗೆ ಹೇಳುತ್ತೇನೆ ಅಂದರೆ ಸಾಕು ಇವನು ಬಾಗುತ್ತಾನೆ. ಈಗ ಆ ಹೆದರಿಕೆ ಇರಲಿಲ್ಲ. ಉಳಿದ 1,10,000ಕ್ಕೆ ಬಡ್ಡಿ ಎರಡು ರೂಪಾಯಿಗೆ ಇಳಿಯಿತು. ತಿಂಗಳ ಬಡ್ಡಿ 6,000 ಇದ್ದದ್ದು 2,200 ಆಯಿತು. ಆದರೂ ಕಟ್ಟುವುದು ಆರು ಸಾವಿರವನ್ನೇ ಮುಂದುವರಿಸಿ ಅಂದೆ. ಹಾಗೆ ಕಟ್ಟಿದರೆ ಅಸಲು ಬಡ್ಡಿ ಎರಡೂ ಸುಮಾರು 23 ತಿಂಗಳಲ್ಲಿ ಮುಗಿಯುತ್ತದೆ. ಹಿಂದೆ ಇದೇ ಆರು ಸಾವಿರ ಇಪ್ಪತ್ತು ತಿಂಗಳು ಹೋಗಿ ಒಂದು ರೂಪಾಯಿ ಅಸಲು ಕರಗಿರಲಿಲ್ಲ.

ಕಾರ್ಡಿನ ಬಾಕಿಯನ್ನು ಕಂತು ಮಾಡಿಸಿಕೊಂಡು ಕಾರ್ಡ್ ಕತ್ತರಿಸಿದರು. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ ಅಂತ ತಿಳಿಸಿದ್ದೆ. ಒಂದು ರಾತ್ರಿ ಎಂಟೂಮುಕ್ಕಾಲಿಗೆ ಬಂದ ಫೋನನ್ನು ಟೀಚರಮ್ಮ ಎತ್ತಿ, ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಇದನ್ನು ಹೇಳಿದರಂತೆ.

ಎಲ್ಲ ಸರಿಹೋಗಲಿಲ್ಲ

ಅಂಗಡಿಯ ವ್ಯಾಪಾರ ಹಾಗೇ ಇದೆ. ಹೆಂಡತಿಗೆ ಕೊಡಬೇಕಾದ 450 ರೂಪಾಯಿ ಬಡ್ಡಿ ಮೊದಲ ಎರಡು ತಿಂಗಳು ಮರೆತುಹೋಯಿತು. ಭಾನುವಾರದ ಮಾತು ಮಧ್ಯೆ ಎರಡು ತಿಂಗಳು ನಿಂತೇಹೋಗಿತ್ತು. ಮಗಳ ಶಾಲೆಯ ಟ್ರಿಪ್ಪಿಗೆ ದುಡ್ಡು ಕೊಡಬೇಕಾ ಬೇಡವಾ ಅಂತ ಶುರುವಾದದ್ದು ತವರಿನವರೆಗೆ ಹೋಗಿ ನಿಂತಿತು.

2025ರ ಏಪ್ರಿಲ್‌ನಲ್ಲಿ ಗಂಡ ನನಗೆ ಫೋನ್ ಮಾಡಿದರು. ದನಿಯಲ್ಲಿ ಹುರುಪಿತ್ತು. ಬಳೆ ಇಟ್ಟಾಗಿನ ಚಿನ್ನದ ರೇಟು ಈಗ ಹೆಚ್ಚೂಕಡಿಮೆ ಎರಡು ಪಟ್ಟಾಗಿದೆ, ಅದೇ ಬಳೆಯ ಮೇಲೆ ಇನ್ನೂ ಒಂದು ಲಕ್ಷ ಸಿಗುತ್ತದೆ ಎಂದು ಅಡವಿಟ್ಟ ಕಡೆಯಿಂದಲೇ ಫೋನ್ ಬಂದಿತ್ತು. ಅಂಗಡಿಗೆ ಮಾಲು ಹಾಕಬಹುದು. "ತಗೊಳ್ಳಲಾ ಸರ್?"

"ನನ್ನನ್ನು ಯಾಕೆ ಕೇಳ್ತೀರಿ? ಬಳೆ ನನ್ನದಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಕೇಳ್ತೀನಿ" ಅಂದರು. ಕೇಳಿದರು. ತಾಯಿ ಬೇಡ ಅಂದರು. ಗಂಡ ಎರಡು ದಿನ ಮುನಿಸಿಕೊಂಡು ಊಟ ಬಿಟ್ಟರು ಅಂತ ಕೇಳಿದೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಗೆಲುವು ಅನ್ನುವುದಿದ್ದರೆ ಅದೇ. ಮೂರು ವರ್ಷದ ಹಿಂದಾಗಿದ್ದರೆ ಅವರು ಮುನಿಸಿಕೊಳ್ಳುತ್ತಿರಲಿಲ್ಲ, ಸದ್ದಿಲ್ಲದೆ ಸಹಿ ಹಾಕಿ ಬರುತ್ತಿದ್ದರು.

ಕೈಗಡದಲ್ಲಿ ಇನ್ನೂ ಮೂವತ್ತು ಸಾವಿರದ ಹತ್ತಿರ ಬಾಕಿ ಇದೆ. ಬಳೆ ಇನ್ನೂ ಬಿಡಿಸಿಲ್ಲ.

ನನಗೆ ಉಳಿದದ್ದು

ದಾವಣಗೆರೆಯಿಂದ ಬಸ್ಸು ಹತ್ತಿದರೆ ಹರಿಹರ ಬರುವಷ್ಟರಲ್ಲಿ ಪಕ್ಕದವರು ನಿಮ್ಮ ಸಂಬಳ, ಸೈಟಿನ ರೇಟು, ಮಗಳ ಮದುವೆಗೆ ಎಷ್ಟು ಖರ್ಚಾಯಿತು ಎಲ್ಲ ಕೇಳಿರುತ್ತಾರೆ. ನಾವು ದುಡ್ಡಿನ ಮಾತಾಡದ ಜನ ಅಲ್ಲ. ಗೊತ್ತಿಲ್ಲದವರ ಹತ್ತಿರ ಧಾರಾಳವಾಗಿ ಆಡುತ್ತೇವೆ. ಮನೆಯ ಒಳಗೆ ಬಂದಾಗ ಮಾತ್ರ "ಸ್ವಲ್ಪ ಟೈಟ್ ಇದೆ" ಅನ್ನುವುದರ ಆಚೆ ಬಾಯಿ ಬರುವುದಿಲ್ಲ. ಈ ಮನೆಯಲ್ಲಿ ಸಾಲ ಇದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅಂಕಿ ಒಂದೇ. ಅದಿಲ್ಲದ ಕಡೆ ಹೆದರಿಕೆ 22 ಲಕ್ಷ ಎಂದು ಬರೆದುಕೊಂಡಿತ್ತು.

ಮೂವರೂ ಬಂದ ಆ ದಿನದಿಂದ ನನ್ನ ಕೆಲಸದ ಕ್ರಮ ಬದಲಾಗಿದೆ. ಮೊದಲ ಭೇಟಿಯಲ್ಲಿ ಸಾಲದ ಪಟ್ಟಿ ಕೇಳುವುದನ್ನು ಬಿಟ್ಟಿದ್ದೇನೆ. ಬೇರೆ ಬೇರೆಯಾಗಿ ಬಂದವರ ಮಾತನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಅದು ನನ್ನ ಬಾಯಿಗೆ ಬೀಗ. ಯಾರಾದರೂ ಲೆಕ್ಕಕ್ಕೆ ಸಿಗದ ಹಟ ಮಾಡಿದರೆ, ಇವರ ಗಾಡಿ ಬಾಡಿಗೆ ಯಾವುದು ಎಂದು ಹುಡುಕುತ್ತೇನೆ. ಎಲ್ಲ ಸಲ ಸಿಗುವುದಿಲ್ಲ.

ಬರೆದದ್ದನ್ನು ಹೋದ ತಿಂಗಳು ಅವರ ಮನೆಯಲ್ಲಿ ಓದಿದೆ. ಗಂಡ ಏನೂ ಹೇಳಲಿಲ್ಲ. ಹೆಂಡತಿ, ಡಬ್ಬಿಯಲ್ಲಿ ಈಗ ಎಷ್ಟಿದೆ ಅಂತ ಮಾತ್ರ ಬರೆಯಬೇಡಿ ಅಂದರು. ನನಗೂ ಗೊತ್ತಿಲ್ಲ. ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಬಳೆ ತೂಕ ಬರೆದೇ ಇಲ್ವಲ್ಲಪ್ಪ" ಅಂದರು.

ಅಡವಿಟ್ಟ ರಸೀದಿ ನೋಡಿ, ನಲವತ್ತು ಗ್ರಾಂ ಅಂತ ಬರೆಯಲಾ ಎಂದು ಕೇಳಿದೆ.

"ಅದು ಅವರ ತಕ್ಕಡಿ. ನನ್ನ ತವರಲ್ಲಿ ತೂಗಿ ಹಾಕಿದಾಗ ನಲವತ್ತೆರಡು ಇತ್ತು. ನಲವತ್ತೆರಡು ಅಂತ ಬರಿ."